ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ನೋಡೋಕೆ ಅರ್ಧ ದಿನ ಸಾಕಾ?

ಜರ್ಮನಿಯ ಬ್ರೆಮನ್‌ನಲ್ಲಿ ಓದುತ್ತಿದ್ದೀರಿ, ಒಂದು ಶನಿವಾರ ಖಾಲಿ ಇದೆ. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಕಿಟೆಲ್ ಹುಟ್ಟಿದ ಊರನ್ನು ಅರ್ಧ ದಿನದಲ್ಲಿ ಮುಗಿಸಬಹುದಾ, ಇಲ್ಲಾ ಅವರು ತೀರಿಕೊಂಡ ಟ್ಯೂಬಿಂಗನ್‌ಗೆ ಹೋಗೋದು ವಾಸಿನಾ ಅಂತ ಕೇಳಿದ್ದೀರಿ. ನಾನೂ ಓದುವ ದಿನಗಳಲ್ಲಿ ಹೀಗೇ ಲೆಕ್ಕ ಹಾಕಿಕೊಂಡು ಹೊರಟವನು. ಬೆಳಿಗ್ಗೆ ಬ್ರೆಮನ್‌ನಿಂದ ರೈಲು ಹತ್ತೋದು, ನೊರ್ಡನ್‌ನಲ್ಲಿ ಇಳಿಯೋದು, ಬಸ್ಸಲ್ಲಿ ಡೋರ್ನುಮ್ ಸೇರೋದು, ಅಲ್ಲಿಂದ ರೆಸ್ಟರ್‌ಹಾಫೆಗೆ ನಡೆಯೋದು, ಚರ್ಚಿನ ಮುಂದೆ ಒಂದು ಫೋಟೋ. ಅಷ್ಟಕ್ಕೇ ಅಷ್ಟು ದೂರ ಹೋಗೋದಾ ಅನ್ನಿಸಿ, ಸಂಜೆಗೆ ನೆಸ್ಮರ್‌ಸೀಲ್ ಬಂದರಿನಿಂದ ದೋಣಿ ಹತ್ತಿ ಬಾಲ್ಟ್ರುಮ್ ದ್ವೀಪಕ್ಕೆ ಹೋಗಿ ಉಳಿಯೋಣ ಅಂದುಕೊಂಡೆ. ದ್ವೀಪದಲ್ಲಿ ಕೋಣೆಗೆ ದುಡ್ಡು ಕಟ್ಟಿಯೂ ಆಗಿತ್ತು.

ದೋಣಿಯ ಸಮಯ ನನಗೆ ಸಿಕ್ಕಿದ್ದು ಒಬ್ಬ ಗೆಳೆಯನಿಂದ. ಅವನು ಹಿಂದಿನ ಶನಿವಾರ ಸಂಜೆ ಅದೇ ದೋಣಿಯಲ್ಲಿ ಹೋಗಿದ್ದ. ಶನಿವಾರದ ದೋಣಿ ಶನಿವಾರ ಇದ್ದೇ ಇರುತ್ತದೆ ಅಂತ ನಾನು ನಂಬಿಬಿಟ್ಟೆ. ಸಂಜೆ ಬಂದರಿಗೆ ಹೋದರೆ ದೋಣಿ ಇಲ್ಲ. ಅದಿರಲಿ, ನೀರೇ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಬೂದು ಬಣ್ಣದ ಕೆಸರು, ನಡುವೆ ಒಂದು ಸಣ್ಣ ಕಾಲುವೆ. ದೋಣಿ ಮಧ್ಯಾಹ್ನವೇ ಹೋಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ಊರು ಅರ್ಥವಾಗುವುದೇ ಇದರಿಂದ. ಸಮುದ್ರದಲ್ಲಿ ಉಬ್ಬರ ಬರುವುದು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಎಷ್ಟಾಯಿತು? ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಶನಿವಾರ ಸಂಜೆ ನೀರು ತುಂಬಿದ್ದರೆ, ಮುಂದಿನ ಶನಿವಾರ ಅದೇ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತದೆ. ಒಂದು ವಾರದ ಹಿಂದಿನ ಸಮಯ ಇಟ್ಟುಕೊಂಡು ಹೋಗುವುದು ಇರುವುದರಲ್ಲೇ ಅತಿ ಕೆಟ್ಟ ಆಯ್ಕೆ. ನಿನ್ನೆಯ ಸಮಯ ಇಟ್ಟುಕೊಂಡಿದ್ದರೂ ನನಗೆ ದೋಣಿ ಸಿಗುತ್ತಿತ್ತೇನೋ. ಈ ಕರಾವಳಿಯಲ್ಲಿ ಬಂದರು ಮತ್ತು ದ್ವೀಪದ ನಡುವೆ ಇರುವುದು ಆಳ ಸಮುದ್ರ ಅಲ್ಲ. ದಿನಕ್ಕೆರಡು ಸಲ ಮುಳುಗಿ, ಎರಡು ಸಲ ಒಣಗುವ ಕೆಸರು ಬಯಲು. ನೀರು ಇಳಿದಾಗ ದಾರಿ ಬಲ್ಲವರ ಜೊತೆ ಜನ ನೆಸ್ಮರ್‌ಸೀಲ್‌ನಿಂದ ಬಾಲ್ಟ್ರುಮ್‌ಗೆ ನಡೆದೇ ಹೋಗುತ್ತಾರೆ. ಆದ್ದರಿಂದ ದೋಣಿಯ ವೇಳಾಪಟ್ಟಿ ಪ್ರತಿ ದಿನಾಂಕಕ್ಕೂ ಬೇರೆ. ವಾರ ನೋಡಬೇಡಿ, ದಿನಾಂಕ ನೋಡಿ.

ಕೋಣೆಯ ದುಡ್ಡು ವಾಪಸ್ ಬರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಅದು ಸಣ್ಣ ಮೊತ್ತ ಅಲ್ಲ, ತಿಂಗಳ ಊಟದ ಖರ್ಚಿಗೇ ಕೈ ಹಾಕಬೇಕಾಯಿತು. ಬಸ್ಸೂ ಮುಗಿದಿತ್ತು. ಬಂದರಿನ ಹತ್ತಿರ ಕೋಣೆ ಬಾಡಿಗೆಗೆ ಕೊಡುವ ಒಬ್ಬ ಹಿರಿಯ ಹೆಂಗಸು ನನ್ನನ್ನು ಒಳಗೆ ಕರೆದರು. ಮೊದಲು ಟೀ ಕೊಟ್ಟರು. ಕಪ್ಪಿನಲ್ಲಿ ಕಲ್ಲುಸಕ್ಕರೆ, ಮೇಲೆ ಬಿಸಿ ಕಡು ಟೀ, ಅಂಚಿನಿಂದ ಇಳಿಬಿಟ್ಟ ಕೆನೆ. ಕಲಕುವ ಹಾಗಿಲ್ಲ. ಮೂರು ಕಪ್ ಕುಡಿಯದೆ ಏಳುವ ಹಾಗೂ ಇಲ್ಲ, ಅದು ಅಲ್ಲಿನ ಪದ್ಧತಿ. ಮರುದಿನ ಬೆಳಿಗ್ಗೆ ಅವರೇ ನನ್ನನ್ನು ಕಡಲ ಒಡ್ಡಿನ ಮೇಲೆ ಹತ್ತಿಸಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಊರು ತೋರಿಸಿದರು. ಕಿಟೆಲ್ ಊರನ್ನು ನಾನು ನಿಜವಾಗಿ ನೋಡಿದ್ದು ಆಗಲೇ. ಹಿಂದಿನ ದಿನ ತೆಗೆದ ಚರ್ಚಿನ ಫೋಟೋದಲ್ಲಿ ಇದ್ಯಾವುದೂ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಅಲ್ಲಿ ಕಿಟೆಲ್‌ಗೆ ಸಂಬಂಧಪಟ್ಟದ್ದು ನೋಡೋಕೆ ಏನಿದೆ" ಅಂತ ಹೋದರೆ ಕೆಲವು ಮನೆಗಳು ಮತ್ತು ಇಟ್ಟಿಗೆಯ ಒಂದು ಪುಟ್ಟ ಚರ್ಚ್ ನೋಡಿ ಬರುತ್ತೀರಿ. ಪ್ರತಿಮೆ ಬೇಕಿದ್ದರೆ ಬೆಂಗಳೂರಿನಲ್ಲಿದೆ. ರೆಸ್ಟರ್‌ಹಾಫೆಗೆ ಹೋಗಬೇಕಾದದ್ದು ನೆಲ ನೋಡೋಕೆ.

ರೆಸ್ಟರ್‌ಹಾಫೆ ಈಗ ಡೋರ್ನುಮ್ ಪಂಚಾಯಿತಿಗೆ ಸೇರಿದ ಹಳ್ಳಿ. ಲೋವರ್ ಸ್ಯಾಕ್ಸನಿ ರಾಜ್ಯ, ಔರಿಶ್ ಜಿಲ್ಲೆ, ಓಸ್ಟ್‌ಫ್ರೀಸ್‌ಲಾಂಡ್ ಅನ್ನುವ ಸೀಮೆ. ಡೋರ್ನುಮ್, ನೆಸ್ಸೆ, ನೆಸ್ಮರ್‌ಸೀಲ್, ಡೋರ್ನುಮರ್‌ಸೀಲ್, ವೆಸ್ಟರ್‌ಆಕುಮ್ ಹೀಗೆ ಹಲವು ಹಳ್ಳಿ ಸೇರಿಯೂ ಇಡೀ ಪಂಚಾಯಿತಿಯ ಜನಸಂಖ್ಯೆ ಸುಮಾರು 4,500. ಗುಡ್ಡ ಅನ್ನುವುದು ಇಲ್ಲವೇ ಇಲ್ಲ. ಸಮುದ್ರದ ಕಡೆ ಇರುವುದು ಮಾರ್ಶ್, ಅಂದರೆ ಕಡಲು ತಂದು ಹಾಕಿದ ಗಟ್ಟಿ ಜೇಡಿ ನೆಲ. ಗೋಧಿಗೆ, ಹುಲ್ಲಿಗೆ ಬಲು ಒಳ್ಳೆಯದು. ದಕ್ಷಿಣಕ್ಕೆ ಹೋದರೆ ಗೀಸ್ಟ್, ಸ್ವಲ್ಪ ಎತ್ತರದ ಮರಳು ನೆಲ. ಬೆಳೆ ಕಡಿಮೆ, ಆದರೆ ಕಾಲು ಒದ್ದೆಯಾಗುವುದಿಲ್ಲ. ಇಲ್ಲಿ ಒಂದೆರಡು ಮೀಟರ್ ಎತ್ತರದ ಮೇಲೆ ಜೀವ, ಆಸ್ತಿ ಎರಡೂ ನಿಂತಿದ್ದವು.

ಒಡ್ಡು ಕಟ್ಟುವ ಮೊದಲು ಜನ ಮಣ್ಣು, ಗೊಬ್ಬರ ಪೇರಿಸಿ ದಿಬ್ಬ ಮಾಡಿಕೊಂಡು ಅದರ ಮೇಲೆ ಮನೆ ಕಟ್ಟುತ್ತಿದ್ದರು. ವಾರ್ಫ್ಟ್ ಅನ್ನುತ್ತಾರೆ. ನೆಸ್ಸೆ ಊರು ಇಂಥ ಒಂದು ಉದ್ದನೆಯ ದಿಬ್ಬದ ಮೇಲೆ ಕೂತಿದೆ. ಸಾವಿರ ವರ್ಷಕ್ಕೂ ಹಿಂದೆ ಅದು ವ್ಯಾಪಾರದ ಊರು, ಹಡಗು ಹತ್ತಿರಕ್ಕೇ ಬರುತ್ತಿತ್ತು. ಈಗ ಸಮುದ್ರ ಕಿಲೋಮೀಟರುಗಟ್ಟಲೆ ಆಚೆ ಇದೆ. ನಡುವಿನ ಹೊಲವೆಲ್ಲ ಕಡಲಿನಿಂದ ಕಿತ್ತುಕೊಂಡದ್ದು. ಸೈಕಲ್‌ನಲ್ಲಿ ಹೋದರೆ ಹಳೆಯ ಊರುಗಳ ಹತ್ತಿರ ರಸ್ತೆ ಮೆಲ್ಲಗೆ ಏರುವುದು ಕಾಲಿಗೇ ಗೊತ್ತಾಗುತ್ತದೆ. ಡೋರ್ನುಮ್‌ನ 13ನೇ ಶತಮಾನದ ಚರ್ಚ್ ಕೂಡ ದಿಬ್ಬದ ಮೇಲೆಯೇ ಇದೆ. ಒಳಗೆ ಗೆರ್‌ಹಾರ್ಡ್ ಫಾನ್ ಹೋಲಿ 1710-11ರಲ್ಲಿ ಕಟ್ಟಿದ ಆರ್ಗನ್ ವಾದ್ಯ ಇದೆ. ಅದನ್ನು ನುಡಿಸುವ ದಿನ ಸಿಕ್ಕರೆ ಬಿಡಬೇಡಿ.

ಇನ್ನು 'ಸೀಲ್' ಇರುವ ಊರುಗಳು. ಒಡ್ಡು ಕಟ್ಟಿದರೆ ಸಮುದ್ರ ಹೊರಗೆ ನಿಲ್ಲುತ್ತದೆ, ಸರಿ. ಆದರೆ ಒಳಗೆ ಬಿದ್ದ ಮಳೆನೀರು ಎಲ್ಲಿಗೆ ಹೋಗಬೇಕು? ಅದಕ್ಕೆ ಒಡ್ಡಿನಲ್ಲಿ ಒಂದು ತೂಬು, ಅದೇ ಸೀಲ್. ಇಳಿತದಲ್ಲಿ ಒಳನೀರು ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರದಲ್ಲಿ ಸಮುದ್ರವೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ನಾನು ಕುಮಟಾ ಕಡೆಯವನು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು ಕಟ್ಟೆಗೆ ಬಾಗಿಲಿಟ್ಟು ಉಪ್ಪುನೀರು ಕಾಯುವುದೂ ಹೀಗೇ. ಅದನ್ನು ಕಂಡಾಗ ನನಗಾದ ಸಂತೋಷ ಹೇಳಲಾರೆ. ಆ ತೂಬಿನ ಬಾಯಲ್ಲೇ ದೋಣಿ ನಿಲ್ಲುವ ಜಾಗ, ಅದರ ಸುತ್ತ ಊರು. ಈ ಕರಾವಳಿಯ ಸಣ್ಣ ಬಂದರುಗಳು ಬೆಳೆದ ಬಗೆ ಇದು. ಈಗ ಮಳೆ ಜಾಸ್ತಿಯಾದರೆ ಪಂಪು ಹಚ್ಚಿಯೂ ನೀರು ಎತ್ತುತ್ತಾರೆ.

ಒಡ್ಡು ಒಡೆದರೆ ಏನಾಗುತ್ತದೆ ಅನ್ನುವುದಕ್ಕೆ 1717ರ ಕ್ರಿಸ್‌ಮಸ್ ರಾತ್ರಿ ಇದೆ. ವಾಯವ್ಯದ ಬಿರುಗಾಳಿ ಸಮುದ್ರವನ್ನು ಒಡ್ಡಿನ ಮೇಲೆ ತಳ್ಳಿತು. ಹಾಲೆಂಡ್‌ನಿಂದ ಡೆನ್ಮಾರ್ಕ್‌ವರೆಗೆ 11 ಸಾವಿರಕ್ಕೂ ಹೆಚ್ಚು ಜನ ಸತ್ತರು. ಓಸ್ಟ್‌ಫ್ರೀಸ್‌ಲಾಂಡ್ ಒಂದರಲ್ಲೇ 2,700ಕ್ಕೂ ಹೆಚ್ಚು. ಜನ ಮಲಗಿದ್ದ ಹೊತ್ತು, ಚಳಿಗಾಲ, ಸುತ್ತ ಉಪ್ಪುನೀರು. ಬದುಕಿ ಉಳಿದವರ ಹೊಲ ವರ್ಷಗಟ್ಟಲೆ ಬೆಳೆ ಕೊಡಲಿಲ್ಲ. ಒಡ್ಡು ಕಟ್ಟದವನು ಜಾಗ ಖಾಲಿ ಮಾಡಲಿ ಅನ್ನುವ ಗಾದೆ ಅಲ್ಲಿದೆ. ಅದು ಬರೀ ಮಾತಲ್ಲ, ಕಾನೂನೇ ಆಗಿತ್ತು. ತನ್ನ ಪಾಲಿನ ಒಡ್ಡು ನೋಡಿಕೊಳ್ಳಲಾಗದವನು ಅದರಲ್ಲಿ ಗುದ್ದಲಿ ನೆಟ್ಟು ಹೊರಡಬೇಕು, ಗುದ್ದಲಿ ಕಿತ್ತವನಿಗೆ ಹೊಲವೂ ಒಡ್ಡಿನ ಹೊಣೆಯೂ. ಇವತ್ತಿಗೂ ಒಡ್ಡಿಗೆ ನೆಲದ ಒಡೆಯರ ಸಂಘ ಇದೆ, ವಂತಿಗೆ ಇದೆ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಎಲ್ಲರೂ ಸೇರಿ ತಪಾಸಣೆಗೆ ಹೋಗುತ್ತಾರೆ. ಒಡ್ಡಿನ ಮೇಲೆ ಮೇಯುವ ಕುರಿಗಳು ಚಂದಕ್ಕೆ ಅಲ್ಲ. ಹುಲ್ಲನ್ನು ಗಿಡ್ಡವಾಗಿಟ್ಟು, ಗೊರಸಿನಿಂದ ಮಣ್ಣು ತುಳಿದು ಬಿಗಿ ಮಾಡುವ ಕೆಲಸ ಅವುಗಳದ್ದು.

ರಾಜಕೀಯ ಚರಿತ್ರೆಗೂ ಇದರ ನಂಟಿದೆ. ಮಧ್ಯಯುಗದಲ್ಲಿ ಈ ಕರಾವಳಿಯ ಫ್ರೀಸಿಯನ್ ರೈತರ ಮೇಲೆ ದೊರೆ ಇರಲಿಲ್ಲ, ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುತ್ತಿದ್ದರು. 14ನೇ ಶತಮಾನದ ಹೊತ್ತಿಗೆ ಬಲಾಢ್ಯ ಮನೆತನಗಳು ನಾಯಕರಾಗಿ ಮೇಲೆದ್ದವು. ಡೋರ್ನುಮ್ ಅಷ್ಟು ಚಿಕ್ಕ ಊರು, ಅಲ್ಲಿ ಮೂರು ಕೋಟೆ! ಒಂದು ಈಗ ಸುತ್ತ ನೀರಿನ ಕಂದಕ ಇರುವ ಅರಮನೆ, ಅದರಲ್ಲಿ ಬಹಳ ಕಾಲ ಶಾಲೆ ನಡೆದಿದೆ. 1464ರಲ್ಲಿ ಸಿರ್ಕ್‌ಸೆನಾ ಮನೆತನ ಇಡೀ ಸೀಮೆಗೆ ಕೌಂಟ್ ಪದವಿ ಪಡೆಯಿತು. 1744ರಲ್ಲಿ ಆ ವಂಶ ಮುಗಿದು ಪ್ರಷ್ಯಾ ರಾಜ್ಯದ ಆಳ್ವಿಕೆ ಬಂತು. ನೆಪೋಲಿಯನ್ ಕಾಲದ ಗಲಾಟೆ ಕಳೆದ ಮೇಲೆ 1815ರಲ್ಲಿ ಹ್ಯಾನೋವರ್‌ಗೆ ಸೇರಿತು.

ಫರ್ಡಿನಾಂಡ್ ಕಿಟೆಲ್ 1832ರ ಏಪ್ರಿಲ್ 7ರಂದು ಹುಟ್ಟಿದ್ದು ಈ ಹ್ಯಾನೋವರ್ ರಾಜ್ಯದ ಪ್ರಜೆಯಾಗಿ. ಆಗ ಹ್ಯಾನೋವರ್‌ಗೂ ಬ್ರಿಟನ್‌ಗೂ ಒಬ್ಬನೇ ದೊರೆ, ನಾಲ್ಕನೇ ವಿಲಿಯಂ. ಅಪ್ಪ ರೆಸ್ಟರ್‌ಹಾಫೆಯ ಪಾದ್ರಿ. ಹುಡುಗ ಔರಿಶ್‌ನಲ್ಲಿ ಓದಿ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಸೇರಿ, 1853ರಲ್ಲಿ ನಮ್ಮ ಕಡೆ ಬಂದ. ಆಗ ವಯಸ್ಸು 21. ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದ ತಾಳ್ಮೆಗೆ ಹುಟ್ಟೂರೇ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಅದಕ್ಕೆ ಪುರಾವೆ ಇಲ್ಲ. ಆದರೆ ಆ ಹುಡುಗ ಎಂಥ ನೆಲದಿಂದ ಎದ್ದು ಧಾರವಾಡ, ಮಂಗಳೂರು, ಮಡಿಕೇರಿ ಕಂಡ ಅನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ. ಬೆಟ್ಟವೇ ಇಲ್ಲದ ಸೀಮೆಯಿಂದ ಬಂದವನಿಗೆ ಮಡಿಕೇರಿ ಹೇಗೆ ಕಂಡಿರಬೇಕು!

ಡೋರ್ನುಮ್ ಪೇಟೆಗೂ ಒಂದೆರಡು ಗಂಟೆ ಕೊಡಿ. 1626ರ ಗಾಳಿಗಿರಣಿ ನೋಡಿ, ಗಾಳಿ ಬಂದ ಕಡೆಗೆ ಇಡೀ ಗಿರಣಿಯನ್ನೇ ಒಂದು ಕಂಬದ ಮೇಲೆ ತಿರುಗಿಸುತ್ತಿದ್ದರು. ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಮಾತ್ರ ತಪ್ಪಿಸಲೇಬೇಡಿ. 1841ರಲ್ಲಿ ಕಟ್ಟಿದ್ದು, ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಉಳಿದಿರುವ ಒಂದೇ ಸಿನಗಾಗ್. ಉಳಿದದ್ದು ಯಾರ ಕರುಣೆಯಿಂದಲೂ ಅಲ್ಲ. 1938ರ ನವೆಂಬರ್ 9ರ ರಾತ್ರಿ ನಾಜಿಗಳು ಜರ್ಮನಿಯ ಉದ್ದಗಲಕ್ಕೂ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಇದನ್ನು ಎರಡೇ ದಿನ ಮೊದಲು ಒಬ್ಬ ಬಡಗಿಗೆ ಮಾರಿ ಆಗಿತ್ತು. ಕಟ್ಟಡ ಉಳಿಯಿತು, ಊರಿನ ಯಹೂದಿ ಸಮುದಾಯ ಉಳಿಯಲಿಲ್ಲ. ಈಗ ಅದು ಸ್ಮಾರಕ.

ನಾರ್ವೆಯಿಂದ ಸಮುದ್ರದ ಅಡಿಯಲ್ಲಿ ಬರುವ ಎರಡು ದೊಡ್ಡ ಗ್ಯಾಸ್ ಪೈಪುಗಳು ದಡ ಸೇರುವುದೂ ಇದೇ ಪಂಚಾಯಿತಿಯಲ್ಲಿ, ಮೊದಲನೆಯದು 1995ರಲ್ಲಿ ಶುರುವಾಯಿತು. ಹೊರಗೆ ನೋಡಲು ಹೆಚ್ಚೇನೂ ಕಾಣುವುದಿಲ್ಲ, ಗೊತ್ತಿರಲಿ ಅಂತ ಹೇಳಿದೆ.

ಇನ್ನು ನೀವು ಮಾಡಬೇಕಾದ್ದು. ಅರ್ಧ ದಿನದ ಯೋಚನೆ ಬಿಡಿ, ಒಂದು ರಾತ್ರಿ ಉಳಿಯಿರಿ. ದ್ವೀಪದಲ್ಲಿ ಅಲ್ಲ, ಒಡ್ಡಿನ ಹತ್ತಿರ. ರೈಲಿನ ಟಿಕೆಟ್ ತೆಗೆಯುವ ಮೊದಲು ಆ ದಿನಾಂಕದ ಉಬ್ಬರ-ಇಳಿತದ ಪಟ್ಟಿ ನೋಡಿ. ಒಂದೇ ಜಾಗದಲ್ಲಿ ನಿಂತು ನೀರು ತುಂಬಿದಾಗ ಒಮ್ಮೆ, ಇಳಿದಾಗ ಒಮ್ಮೆ ನೋಡಬೇಕು. ನಕ್ಷೆಯಲ್ಲಿ ನೊರ್ಡನ್‌ನಿಂದ ಡೋರ್ನುಮ್‌ಗೆ ಹಳಿ ಕಂಡರೆ ರೈಲು ಇದೆ ಅಂದುಕೊಳ್ಳಬೇಡಿ. ಅಲ್ಲಿ ಓಡುವುದು ಹಳೆಯ ಕಾಲದ ಗಾಡಿ, ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ. ಉಳಿದ ದಿನ ಬಸ್ಸು, ವಾರಾಂತ್ಯದಲ್ಲಿ ಅದೂ ಕಡಿಮೆ. ಸೈಕಲ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೇದು. ಮೊದಲು ಒಡ್ಡು, ಆಮೇಲೆ ತೂಬು, ಆಮೇಲೆ ನೆಸ್ಸೆಯ ದಿಬ್ಬ, ಕೊನೆಗೆ ರೆಸ್ಟರ್‌ಹಾಫೆ. ಈ ಕ್ರಮ ತಪ್ಪಿಸಬೇಡಿ. ಎದುರುಗಾಳಿ ಜೋರಿರುತ್ತದೆ, ಜಾಕೆಟ್ ಇರಲಿ.

ಟ್ಯೂಬಿಂಗನ್ ದೇಶದ ಇನ್ನೊಂದು ತುದಿ. ಕಿಟೆಲ್‌ಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯ ಅಲ್ಲಿದೆ, ಅವರು 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅದನ್ನು ಬೇರೆ ರಜೆಗೆ ಇಟ್ಟುಕೊಳ್ಳಿ, ಒಂದಕ್ಕೊಂದು ತೂಗಿ ನೋಡುವ ವಿಷಯ ಅಲ್ಲ. ನೀವು ಹೊರಡುವ ದಿನಾಂಕ ಕೆಳಗೆ ಬರೆದರೆ ಆ ದಿನದ ನೀರು ನೋಡಿ ಎಷ್ಟು ಹೊತ್ತಿಗೆ ಎಲ್ಲಿರಬೇಕು ಅಂತ ಹೇಳುತ್ತೇನೆ.