ಶಿಲುಬೆ ಹೊತ್ತವರು ಊರಿನಲ್ಲಿ ಬಿಟ್ಟುಹೋದ ಸಾಲ

ಪ್ರಶ್ನೆ: ಜೆರುಸಲೇಮಿಗಾಗಿ ಕ್ರೈಸ್ತರು ಮುಸ್ಲಿಮರೊಡನೆ ನಡೆಸಿದ ಧರ್ಮಯುದ್ಧಗಳಾದ ಕ್ರುಸೇಡ್‌ಗಳಿಂದ ಯುರೋಪಿಗೆ ಅರಬರ ಜ್ಞಾನ ಬಂತು, ಊಳಿಗಮಾನ್ಯ ಪದ್ಧತಿ ಸಡಿಲವಾಯಿತು ಎಂದು ಓದಿದ್ದೇನೆ. ಇದು ಎಷ್ಟು ನಿಜ? ಯುದ್ಧಕ್ಕೆ ಹೋಗದೆ ಊರಿನಲ್ಲೇ ಉಳಿದವರ ಬದುಕಿನಲ್ಲಿ ಏನು ಬದಲಾಯಿತು?
– ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಜ್ಞಾನದ ಮಾತನ್ನು ಮೊದಲು ಮುಗಿಸೋಣ. ಅರಬ್ಬೀ ಗ್ರಂಥಗಳು ಲ್ಯಾಟಿನ್‌ಗೆ ಬಂದದ್ದು ಹೆಚ್ಚಾಗಿ ಸ್ಪೇನಿನ ಟೊಲೆಡೊ ಮತ್ತು ಸಿಸಿಲಿಯ ಅನುವಾದಕರ ಕೈಯಿಂದ. ಇಟಲಿಯ ಗಣಿತಜ್ಞ ಫಿಬೊನಾಚ್ಚಿ ಭಾರತೀಯ ಅಂಕಿಗಳನ್ನು ಕಲಿತದ್ದು ಉತ್ತರ ಆಫ್ರಿಕದ ಬಂದರಿನಲ್ಲಿ, ವರ್ತಕರ ನಡುವೆ. ಆ ಶ್ರೇಯವನ್ನು ಕ್ರುಸೇಡ್‌ಗಳಿಗೆ ಕೊಡಲು ನನಗೆ ಮನಸ್ಸಿಲ್ಲ. ಊಳಿಗಮಾನ್ಯ ಪದ್ಧತಿ ಸಡಿಲವಾಗಲು ಬೇರೆ ಕಾರಣಗಳು ಬೇಕಾದಷ್ಟಿದ್ದವು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದು ಸಾಲಪತ್ರಗಳಲ್ಲಿ. 1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಮೊದಲ ಕ್ರುಸೇಡಿಗೆ ಕರೆ ಕೊಟ್ಟಾಗ, ಹೊರಡುವವನ ಖರ್ಚು ಅವನದೇ ಆಗಿತ್ತು: ಕುದುರೆ, ಕವಚ, ಆಳುಕಾಳು, ವರ್ಷಗಟ್ಟಲೆ ಅನ್ನ. ಕೈಯಲ್ಲಿ ಹಣವಿದ್ದದ್ದು ಮಠಗಳಿಗೆ. ಹೀಗಾಗಿ ಹೊಲಗಳು ಒತ್ತೆಯಾಗಿ ಮಠಗಳ ಪಾಲಿಗೆ ಹೋದವು. ಸಾಲ ತೀರುವವರೆಗೆ ಬೆಳೆಯೂ ಮಠದ್ದೇ, ನಮ್ಮ ಕಡೆಯ ಭೋಗ್ಯದ ಕರಾರಿನಂತೆ. ಉತ್ತರ ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್ ರಾಬರ್ಟ್ ತನ್ನ ಇಡೀ ನಾಡನ್ನೇ 10,000 ಮಾರ್ಕ್ ಬೆಳ್ಳಿಗೆ ತಮ್ಮನಿಗೆ ಒತ್ತೆಯಿಟ್ಟ. ಆ ತಮ್ಮ ಇಂಗ್ಲೆಂಡಿನ ರಾಜ ಎರಡನೇ ವಿಲಿಯಮ್. ಅವನು ಆ ಬೆಳ್ಳಿಗಾಗಿ ತನ್ನ ಪ್ರಜೆಗಳ ಮೇಲೆ ತೆರಿಗೆ ಹೇರಿದ. ಜೆರುಸಲೇಮ್ ಎಲ್ಲಿದೆಯೆಂದು ತಿಳಿಯದ ಇಂಗ್ಲಿಷ್ ರೈತ ಮೊದಲ ಕ್ರುಸೇಡಿಗೆ ದುಡ್ಡು ತೆತ್ತದ್ದು ಹೀಗೆ.

ಗಂಡಸರು ಹೋದ ಮೇಲೆ ಎಷ್ಟೋ ಮನೆತನಗಳ ಆಡಳಿತ ಹೆಂಗಸರ ಹೆಗಲಿಗೆ ಬಿತ್ತು. ಫ್ರಾನ್ಸಿನ ಬ್ಲ್ವಾದ ಕೌಂಟ್ ಸ್ಟೀಫನ್ 1097ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯದಿಂದ ಹೆಂಡತಿ ಅಡೇಲಾಳಿಗೆ, ದಾರಿಯಲ್ಲಿನ ಅಂಟಿಯೋಕ್ ನಗರ ಅಡ್ಡ ಬಾರದಿದ್ದರೆ ಐದು ವಾರಗಳಲ್ಲಿ ಜೆರುಸಲೇಮ್ ಸೇರುತ್ತೇವೆ ಎಂದು ಬರೆದಿದ್ದ. ಸೈನ್ಯ ಅಲ್ಲಿಗೆ ತಲುಪಲು ಎರಡು ವರ್ಷ ಹಿಡಿಯಿತು. ಸ್ಟೀಫನ್ ನಡುದಾರಿಯಲ್ಲೇ ಹಿಂದಿರುಗಿದ್ದ. ಮತ್ತೆ ಹೊರಟವನು 1102ರಲ್ಲಿ ಪ್ಯಾಲೆಸ್ತೀನಿನ ರಮ್ಲಾದಲ್ಲಿ ಸತ್ತ. ಸಂಸ್ಥಾನ ನಡೆಸಿದವಳು ಅಡೇಲಾ.

1187ರಲ್ಲಿ ಈಜಿಪ್ಟ್ ಮತ್ತು ಸಿರಿಯದ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಕ್ರೈಸ್ತರಿಂದ ಗೆದ್ದ. ಅದನ್ನು ಮರಳಿ ಪಡೆಯುವ ಮೂರನೇ ಕ್ರುಸೇಡಿಗಾಗಿ ಮರುವರ್ಷ ಇಂಗ್ಲೆಂಡಿನಲ್ಲಿ ‘ಸಲಾದಿನ್ ದಶಾಂಶ’ ಬಂತು: ಆದಾಯದಲ್ಲೂ ಚರಾಸ್ತಿಯಲ್ಲೂ ಹತ್ತನೇ ಒಂದು ಪಾಲು. ಶಿಲುಬೆ ತೊಟ್ಟವನಿಗೆ, ಎಂದರೆ ಕ್ರುಸೇಡಿಗೆ ಹೊರಟವನಿಗೆ, ವಿನಾಯಿತಿ. ಯಾರಾದರೂ ಕಡಿಮೆ ತೋರಿಸಿದ್ದಾರೆಂಬ ಅನುಮಾನ ಬಂದರೆ, ಒಂದು ಚರ್ಚಿಗೆ ಸೇರಿದ ವಠಾರವಾದ ಅದೇ ಪ್ಯಾರಿಷ್‌ನ ನಾಲ್ಕಾರು ಜನ ಪ್ರಮಾಣ ಮಾಡಿ ನೆರೆಯವನ ಆಸ್ತಿ ಎಷ್ಟೆಂದು ಹೇಳಬೇಕಿತ್ತು. ಹೊಲದ ಮೇಲಷ್ಟೇ ಅಲ್ಲ, ಮನೆಯೊಳಗಿನ ಸಾಮಾನಿನ ಮೇಲೂ ರಾಜನ ಕಣ್ಣು ಬಿದ್ದ ಕಾಲ ಅದು.

ಇನ್ನು ಯಹೂದಿಗಳು. 1096ರಲ್ಲೇ ಜರ್ಮನಿಯ ಸ್ಪೇಯರ್, ವರ್ಮ್ಸ್, ಮೈಂಜ್‌ಗಳಲ್ಲಿ ಕ್ರುಸೇಡಿಗೆ ಹೊರಟ ಗುಂಪುಗಳಿಂದ ಅವರ ಮೇಲೆ ದಾಳಿ ನಡೆದಿತ್ತು. ಆದರೆ ನನ್ನನ್ನು ಹೆಚ್ಚು ಕಲಕುವುದು 1190ರ ಮಾರ್ಚ್‌ನ ಯಾರ್ಕ್, ಇಂಗ್ಲೆಂಡಿನ ಒಂದು ನಗರ. ಮೂರನೇ ಕ್ರುಸೇಡಿನ ಆವೇಶ ಊರೆಲ್ಲ ಹಬ್ಬಿತ್ತು. ಗುಂಪೊಂದು ಮೇಲೆ ಬಿದ್ದಾಗ ಸುಮಾರು 150 ಯಹೂದಿಗಳು ಕೋಟೆಯ ಗೋಪುರದಲ್ಲಿ ಆಶ್ರಯ ಪಡೆದರು. ದಾರಿ ಕಾಣದೆ ಬಹಳ ಜನ ತಮ್ಮವರನ್ನೇ ಕೊಂದು ತಾವೂ ಸತ್ತರು. ಜೀವ ಉಳಿಸುತ್ತೇವೆಂಬ ಮಾತು ನಂಬಿ ಹೊರಬಂದವರನ್ನು ಗುಂಪು ಕೊಂದಿತು. ಆಮೇಲೆ ಅದೇ ಗುಂಪು ನೇರ ಹೋದದ್ದು ಮಹಾಚರ್ಚಿಗೆ. ಅಲ್ಲಿ ಕಾಪಿಟ್ಟಿದ್ದ, ಯಹೂದಿಗಳಿಂದ ಪಡೆದ ಸಾಲದ ಪತ್ರಗಳನ್ನು ಕಿತ್ತು ತಂದು, ಚರ್ಚಿನ ನಡುವೆಯೇ ಸುಟ್ಟಿತು. ಮುಂದಾಳುಗಳಲ್ಲಿ ಹಲವರು ಸಾಲಗಾರರೇ.

ಸರ್ಕಾರಕ್ಕೆ ನೆನಪಿನಲ್ಲಿ ಉಳಿದದ್ದು ಕಾಗದದ ನಷ್ಟ. 1194ರಲ್ಲಿ ಹೊಸ ನಿಯಮ ಬಂತು: ಯಹೂದಿಗಳು ಕೊಟ್ಟ ಪ್ರತಿ ಸಾಲದ ಪತ್ರದ ನಕಲೂ ಮೂರು ಬೀಗದ ಸರ್ಕಾರಿ ಪೆಟ್ಟಿಗೆಯಲ್ಲಿರಬೇಕು. ಇನ್ನು ಮುಂದೆ ಸಾಲಕೊಟ್ಟವನು ಸತ್ತರೂ ಸಾಲ ಸಾಯದು. ರಾಜ ವಸೂಲಿ ಮಾಡಿಕೊಳ್ಳಬಹುದು. 1290ರಲ್ಲಿ, ಸ್ವತಃ ಕ್ರುಸೇಡಿಗೆ ಹೋಗಿಬಂದಿದ್ದ ಒಂದನೇ ಎಡ್ವರ್ಡ್, ಯಹೂದಿಗಳೆಲ್ಲರನ್ನೂ ಇಂಗ್ಲೆಂಡಿನಿಂದ ಹೊರಗಟ್ಟಿದ. ಅದೇ ವರ್ಷ ಪಾರ್ಲಿಮೆಂಟು ಅವನಿಗೆ ಹದಿನೈದನೇ ಒಂದು ಪಾಲಿನ ತೆರಿಗೆಯನ್ನು ಒಪ್ಪಿ ಕೊಟ್ಟಿತು. ಅದನ್ನು ಎಣಿಸಿದ್ದು ಸಲಾದಿನ್ ದಶಾಂಶದಂತೆಯೇ, ಮನೆಮನೆಯ ಚರಾಸ್ತಿಯ ಮೇಲೆ.