ರಸ್ತೆ ಹೊಸದಾಗುತ್ತೆ, ಬಾಡಿಗೆ ಅಂಗಡಿ ಬಿಡಬೇಕಾ?

ಟೆಂಡರ್ ಶ್ಯೂರ್ ಮಾದರಿಯಲ್ಲಿ (ನೀರು, ಒಳಚರಂಡಿ, ಕೇಬಲ್‌ಗಳನ್ನು ನೆಲದಡಿ ಹೊಸದಾಗಿ ಜೋಡಿಸಿ, ಅಗಲ ಫುಟ್‌ಪಾತ್ ಸಮೇತ ರಸ್ತೆ ಕಟ್ಟುವ ಬೆಂಗಳೂರಿನ ಮಾದರಿ) ರಸ್ತೆ ಅಗೆಯಲಿದ್ದಾರೆ, ಬಾಡಿಗೆ ಜಾಗದಲ್ಲಿರುವ ಬಟ್ಟೆ ಅಂಗಡಿ ಇಟ್ಟುಕೊಳ್ಳಲೇ ಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಆದರೆ ಅಗೆತ ಶುರುವಾಗುವ ಮೊದಲೇ ಕರಾರು ಗಟ್ಟಿ ಮಾಡಿಕೊಳ್ಳಿ.

ರಸ್ತೆ ಸುಧಾರಿಸಿದರೆ ಜಾಗದ ಬೆಲೆ ಏರುತ್ತದೆ, ಆ ಲಾಭ ಮೊದಲು ಮುಟ್ಟುವುದು ಕಟ್ಟಡದ ಮಾಲೀಕರಿಗೆ. 11 ತಿಂಗಳ ಕರಾರಿನಲ್ಲಿದ್ದರೆ ಧೂಳು ಕುಡಿದವರು ನೀವು, ಕೆಲಸ ಮುಗಿದ ಮೇಲೆ ಹೊಸ ಬಾಡಿಗೆ ಕೇಳುವವರು ಅವರು. ಅಗೆದ ರಸ್ತೆಯಲ್ಲಿ ಬಾಡಿಗೆದಾರರು ಸಿಗುವುದು ಕಷ್ಟ, ಹಾಗಾಗಿ ಈಗ ನಿಮ್ಮ ಮಾತಿಗೆ ಬೆಲೆಯಿದೆ. 5 ವರ್ಷದ ಕರಾರು ಕೇಳಿ. ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ, ಕಾಮಗಾರಿಯ ತಿಂಗಳುಗಳಲ್ಲಿ ಎಷ್ಟು ರಿಯಾಯಿತಿ ಎಂದು ಬರೆಸಿ. ಒಂದು ವರ್ಷ ಮೀರಿದ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬರೀ ಛಾಪಾ ಕಾಗದ ಸಾಲದು.

ಗಡುವು ನಂಬಬೇಡಿ. ಹಳೆಯ ನೀರು, ಒಳಚರಂಡಿ, ಕೇಬಲ್‌ಗಳಿಗೆ ಎಷ್ಟೋ ಕಡೆ ಸರಿಯಾದ ನಕ್ಷೆಯೇ ಇರುವುದಿಲ್ಲ. ಒಂದನ್ನು ಸರಿಸಲು ಇನ್ನೊಂದು ಇಲಾಖೆ ಬರಬೇಕು. ಹೇಳಿದ ಅವಧಿಯ ಎರಡರಷ್ಟು ಕಾಲದ ಬಾಡಿಗೆ, ಸಂಬಳ ಕೈಯಲ್ಲಿರಲಿ.

ಕಾಂಕ್ರೀಟ್ ಹಾಕುವ ಮೊದಲು ಎಂಜಿನಿಯರ್ ಹತ್ತಿರ ಮಟ್ಟ ಕೇಳಿ. ಹೊಸ ಫುಟ್‌ಪಾತ್ ನಿಮ್ಮ ಹೊಸ್ತಿಲಿಗಿಂತ ಕೆಳಗಿರಬೇಕು, ಇಳಿಜಾರು ರಸ್ತೆಯ ಕಡೆಗಿರಬೇಕು. ಎರಡಿಂಚು ಮೇಲೆದ್ದರೂ ಮೊದಲ ಮಳೆಗೇ ಸೀರೆ ಕಟ್ಟುಗಳ ತಳ ಒದ್ದೆ. ಚೇಂಬರ್ ಮುಚ್ಚಳ ಬಾಗಿಲಿಗೆ ನೇರ ಬಂದರೆ ಪ್ರತಿ ರಿಪೇರಿಗೂ ದಾರಿ ಬಂದ್.

ಇನ್ನು ಅಂಗಡಿ ಮುಂದಿರುವ ಹೂವಿನವರು, ತಳ್ಳುಗಾಡಿಯವರು. ಜನರ ಓಡಾಟ ತರುವವರೇ ಅವರು, ದಯವಿಟ್ಟು ಅವರ ಪರ ನಿಲ್ಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರನ್ನು ಸ್ಥಳಾಂತರಿಸಲು 30 ದಿನ ಮೊದಲೇ ನೋಟಿಸ್ ಕೊಡಬೇಕು.