ಮೂತ್ರದ ವಾಸನೆ ಬದಲಾದರೆ ಸೋಂಕು ಎಂದೇ ಅರ್ಥವೇ?

ನಿಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ, ಬೇಸಿಗೆ ಶುರುವಾದಾಗಿನಿಂದ ಮೂತ್ರ ಘಾಟು ಹೊಡೆಯುತ್ತಿದೆ, ಜ್ವರವಾಗಲಿ ಉರಿಯಾಗಲಿ ಇಲ್ಲ, ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ. ನಾನು ಪ್ರಯೋಗಾಲಯದಲ್ಲಿ ದಿನವೂ ಮೂತ್ರ ಪರೀಕ್ಷೆ ಮಾಡುವವಳು. ವಾಸನೆಯೊಂದರಿಂದಲೇ ಸೋಂಕು ಎಂದು ಹೇಳಲು ನಮಗೂ ಆಗುವುದಿಲ್ಲ.

ಮೊದಲು ಅವರು ಎಷ್ಟು ನೀರು ಕುಡಿಯುತ್ತಿದ್ದಾರೆ ನೋಡಿ. ಮಂಡಿನೋವಿರುವ ಹಿರಿಯರು ಪದೇ ಪದೇ ಏಳಬೇಕಲ್ಲ ಎಂದು ನೀರನ್ನೇ ಕಡಿಮೆ ಮಾಡಿಬಿಡುತ್ತಾರೆ. ಆಗ ಮೂತ್ರ ಕಡುಹಳದಿಗೆ ತಿರುಗಿ ಅಮೋನಿಯಾದಂತೆ ನಾರುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆಂದು ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ಎರಡು ದಿನ ಚೆನ್ನಾಗಿ ಕುಡಿಸಿ ನೋಡಿ. ಬೆಳ್ಳುಳ್ಳಿ, ಕಾಫಿ, ಬಿ ವಿಟಮಿನ್ ಮಾತ್ರೆಗಳಿಂದಲೂ ವಾಸನೆ ಬದಲಾಗುತ್ತದೆ. ಮೆಂತ್ಯ ತಿಂದರಂತೂ ಮೂತ್ರ, ಬೆವರು ಎರಡೂ ಸಿಹಿಯಾಗಿ ಘಮಗುಟ್ಟುತ್ತವೆ. ಬಾಣಂತಿಗೆ ಮೆಂತ್ಯದ ಲಾಡು ಕೊಡುವ ಮನೆಗಳಲ್ಲಿ ಇದು ಸಾಮಾನ್ಯ. ಆದರೆ ಹಸುಗೂಸಿನ ಮೂತ್ರ ಸುಟ್ಟ ಸಕ್ಕರೆಯಂತೆ ನಾರುತ್ತಿದ್ದು, ಮಗು ಹಾಲು ಕುಡಿಯದೆ ಮಂಪರಿನಲ್ಲಿದ್ದರೆ, ಮೆಂತ್ಯದ ಮೇಲೆ ಹೊರಿಸಿ ಕೂರಬೇಡಿ. ಅದು ಅಪರೂಪದ ಹುಟ್ಟುರೋಗವೂ ಆಗಿರಬಹುದು, ಆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ವಯಸ್ಸಾದವರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುವುದು ತೀರಾ ಸಾಮಾನ್ಯ. ಲಕ್ಷಣವಿಲ್ಲದಾಗ ಅದಕ್ಕೆ ಆಂಟಿಬಯೋಟಿಕ್ ಕೊಟ್ಟರೆ ಲಾಭವಿಲ್ಲ. ಭೇದಿ ಹತ್ತಿಕೊಳ್ಳಬಹುದು, ಮುಂದೆ ನಿಜವಾದ ಸೋಂಕು ಬಂದಾಗ ಆ ಔಷಧಿ ನಾಟದೆಯೂ ಹೋಗಬಹುದು. ಗರ್ಭಿಣಿಯರ ವಿಚಾರ ಬೇರೆ, ಅವರಿಗೆ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕು.

ವಾಸನೆಯ ಜೊತೆಗೆ ಉರಿಮೂತ್ರ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು, ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರ ಬಳಿ ಹೋಗಿ. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ಇದ್ದಕ್ಕಿದ್ದಂತೆ ಗುರುತು ತಪ್ಪುವುದು ಇವು ಕಂಡರೆ ಅದೇ ದಿನ ಹೋಗಬೇಕು. ತಾಯಿಯವರಿಗೆ ಸಕ್ಕರೆ ಕಾಯಿಲೆಯಿದ್ದು, ಮೂತ್ರ ಅಥವಾ ಉಸಿರು ಕೊಳೆತ ಹಣ್ಣಿನಂತೆ ವಾಸನೆ ಬಂದು, ವಾಂತಿ, ಏದುಸಿರು ಶುರುವಾದರೆ ಬೆಳಗಾಗಲೆಂದು ಕಾಯಬೇಡಿ. ರಕ್ತದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿದೆ ಎಂಬುದರ ಸೂಚನೆ ಅದು, ಪ್ರಾಣಕ್ಕೇ ಅಪಾಯ.

ವೈದ್ಯರು ಕಲ್ಚರ್ ಪರೀಕ್ಷೆ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಬರೆದುಕೊಟ್ಟರೆ ಒಂದು ಮಾತು. ಬೆಳಿಗ್ಗೆ ಹಿಡಿದ ಮೂತ್ರ ಹಳ್ಳಿಯಿಂದ ಬಸ್ಸಿನಲ್ಲಿ ಮಧ್ಯಾಹ್ನ ನಮ್ಮ ಮೇಜಿಗೆ ಬರುವುದನ್ನು ನೋಡುತ್ತಲೇ ಇರುತ್ತೇನೆ. ಮುಚ್ಚಳ ತೆಗೆದರೆ ಮೂಗು ಕಟ್ಟುವ ಘಾಟು. ಸೆಕೆಗೆ ಬಾಟಲಿಯೊಳಗೇ ಬ್ಯಾಕ್ಟೀರಿಯಾ ಬೆಳೆದು ವರದಿ ದಾರಿ ತಪ್ಪಿಸುತ್ತದೆ. ತೊಳೆದುಕೊಂಡ ಮೇಲೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಪ್ರಯೋಗಾಲಯ ಕೊಟ್ಟ ಬಾಟಲಿಯಲ್ಲೇ ಹಿಡಿಯಲಿ. ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಹಿಡಿದ ಹೊತ್ತನ್ನು ಬಾಟಲಿಯ ಮೇಲೆ ಬರೆಯಿರಿ.